ಗೋಡೆಯ ಎರಡು ಬದಿಯ ಪ್ರಾರ್ಥನೆ

ಇವತ್ತು ಬೆಲ್‌ಫಾಸ್ಟ್ ಎಂಬ ಊರಿನ ವಿಷಯ. ಅದು ಉತ್ತರ ಐರ್ಲೆಂಡಿನ ರಾಜಧಾನಿ. ಅಲ್ಲಿ ಹೊಡೆದಾಡಿಕೊಂಡ ಎರಡೂ ಕಡೆಯವರು ಕ್ರೈಸ್ತರೇ, ಆಡುವ ಮಾತೂ ಒಂದೇ. ಹಾಗಿದ್ದೂ ಒಂದು ಊರಿನೊಳಗೆ ಎರಡು ಊರು.

ಜಗಳದ ಬೇರು ದೇವರ ವಿಷಯದಲ್ಲಿ ಇಲ್ಲ, ಗಡಿಯ ವಿಷಯದಲ್ಲಿ ಇದೆ. 1921ರಲ್ಲಿ ಐರ್ಲೆಂಡನ್ನು ಎರಡು ಮಾಡಿದಾಗ ಉತ್ತರದ ತುಂಡು ಬ್ರಿಟನ್ನಿನ ಜೊತೆ ಉಳಿಯಿತು. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಅದೇ ಬೇಕಾಗಿತ್ತು, ಕಥೋಲಿಕರಲ್ಲಿ ಹೆಚ್ಚಿನವರಿಗೆ ಬೇಡವಾಗಿತ್ತು. ಅಲ್ಲಿಯ ಎರಡನೆಯ ದೊಡ್ಡ ನಗರವನ್ನು ಒಬ್ಬರು ಡೆರಿ ಎನ್ನುತ್ತಾರೆ, ಇನ್ನೊಬ್ಬರು ಲಂಡನ್‌ಡೆರಿ ಎನ್ನುತ್ತಾರೆ. ಹೆಸರು ಹೇಳಿದ ಕೂಡಲೇ ಆಸಾಮಿ ಯಾವ ಕಡೆಯವನೆಂದು ತಿಳಿಯುತ್ತದೆ. ಮಂಜೇಶ್ವರ, ಮಂಜೇಶ್ವರಂ ಎರಡನ್ನೂ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1969ರ ಆಗಸ್ಟ್ ತಿಂಗಳಲ್ಲಿ ಗಲಭೆಯೆದ್ದು ಬಾಂಬೆ ಸ್ಟ್ರೀಟ್ ಎಂಬ ಕಥೋಲಿಕರ ಬೀದಿ ಸುಟ್ಟುಹೋಯಿತು. ಹೌದು, ನಮ್ಮ ಬೊಂಬಾಯಿಯದೇ ಹೆಸರು. ಪಕ್ಕದಲ್ಲೇ ಕಾಶ್ಮೀರ ರೋಡ್ ಕೂಡ ಇದೆ. ಮುಂದಿನ ತಿಂಗಳು ಸೈನ್ಯದವರು ಎರಡು ಕೇರಿಗಳ ನಡುವೆ ಅಡ್ಡ ಬೇಲಿ ಹಾಕಿದರು. ತಾತ್ಕಾಲಿಕ ಎಂದರು. ಆ ತಾತ್ಕಾಲಿಕವೇ ಎತ್ತರದ ಗೋಡೆಯಾಯಿತು, ಅಂಥ ಗೋಡೆಗಳು ಊರಿನಲ್ಲಿ ಹತ್ತಾರಾದವು. ಸುಮಾರು ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು.

ಸುಟ್ಟ ಬೀದಿಯ ಬೆನ್ನಿಗೇ ಕ್ಲೊನಾರ್ಡ್ ಎಂಬ ಕಥೋಲಿಕ ಮಠವಿದೆ. ಊರಿನ ದಕ್ಷಿಣಕ್ಕೆ ಫಿಟ್ಸ್‌ರಾಯ್ ಎಂಬ ಪ್ರೊಟೆಸ್ಟೆಂಟ್ ಚರ್ಚಿದೆ. 1981ರಲ್ಲಿ ಈ ಎರಡು ಕಡೆಯ ಕೆಲವರು ಒಟ್ಟಿಗೆ ಕುಳಿತು ಬೈಬಲ್ ಓದಿ ಪ್ರಾರ್ಥನೆ ಮಾಡತೊಡಗಿದರು. ಕಾಲ ನೋಡಿ! ಜೈಲಿನಲ್ಲಿ ಉಪವಾಸ ಹಿಡಿದು ಹತ್ತು ಮಂದಿ ಕೈದಿಗಳು ಪ್ರಾಣ ಬಿಟ್ಟ ವರ್ಷ ಅದು. ಫಿಟ್ಸ್‌ರಾಯ್‌ನ ಸಭಾಪಾಲಕರು ಕೆನ್ ನ್ಯೂವೆಲ್. ಸ್ವಲ್ಪ ಸಮಯದಲ್ಲಿ ಕ್ಲೊನಾರ್ಡ್‌ನಿಂದ ಗೆರಿ ರೆನಾಲ್ಡ್ಸ್ ಎಂಬ ಪಾದ್ರಿ ಸೇರಿದರು. ಕಥೋಲಿಕರ ಜೊತೆ ಪ್ರಾರ್ಥನೆಗೆ ಕೂರುವುದೇ ದ್ರೋಹವೆಂದು ಇಯಾನ್ ಪೇಯ್ಸ್ಲಿಯವರಂಥ ನಾಯಕರು ಗುಡುಗುತ್ತಿದ್ದ ಕಾಲ ಅದು ಎಂಬುದನ್ನೂ ನೆನಪಿಡಿ.

ಪ್ರಾರ್ಥನೆಯಿಂದ ಊರು ಬದಲಾಗುವುದು ಹೇಗೆ ಎಂದು ನೀವು ಕೇಳಬಹುದು. ನನಗೆ ತೋರುವುದು ಇಷ್ಟು: ಪ್ರಾರ್ಥನೆ ಅಲ್ಲಿ ಗೋಡೆ ದಾಟಲು ಒಂದು ನೆಪ ಕೊಟ್ಟಿತು. ರಾಜಕೀಯದ ಮಾತಿಗೆ ಕರೆದಿದ್ದರೆ ಯಾರೂ ಬರುತ್ತಿರಲಿಲ್ಲ. ಕೊಲೆ ಯಾವ ಬದಿಯಲ್ಲಿ ಆಗಲಿ, ರೆನಾಲ್ಡ್ಸ್ ಮತ್ತು ಸ್ಯಾಮ್ ಬರ್ಚ್ ಎಂಬ ಮೆಥೊಡಿಸ್ಟ್ ಸಭಾಪಾಲಕರು ಜೊತೆಯಾಗಿ ಸಾವಿನ ಮನೆಗೆ ಹೋಗುತ್ತಿದ್ದರು. ಮುಂದೆ ರೆನಾಲ್ಡ್ಸ್ ತಮ್ಮ ಇಗರ್ಜಿಯ ಕೆಲವರನ್ನು ಕರೆದುಕೊಂಡು ಭಾನುವಾರ ಗೋಡೆಯಾಚೆಯ ಪ್ರೊಟೆಸ್ಟೆಂಟ್ ಚರ್ಚುಗಳ ಆರಾಧನೆಗೆ ಹೋಗುವ ಪದ್ಧತಿ ಹಾಕಿದರು. ಹೀಗೆ ಹೋಗಿ ಬರುತ್ತಾ ಎರಡೂ ಕಡೆಯವರು ನಂಬುವಂಥ ಕೆಲವು ಮುಖಗಳು ತಯಾರಾದವು. ಬಂದೂಕು ಹಿಡಿದವರ ಜೊತೆ ಮಾತಾಡುವಾಗ ಇಂಥವರೇ ಬೇಕಾದರು.

ಅದೇ ಕ್ಲೊನಾರ್ಡ್ ಮಠದ ಇನ್ನೊಬ್ಬ ಪಾದ್ರಿ ಅಲೆಕ್ ರೀಡ್. ಕಥೋಲಿಕ ಕಡೆಯಲ್ಲಿ ಶಾಂತಿಯ ದಾರಿ ಹಿಡಿದ ಜಾನ್ ಹ್ಯೂಮ್‌ಗೂ ಬಂದೂಕಿನವರ ರಾಜಕೀಯ ಪಕ್ಷದ ಗೆರಿ ಆ್ಯಡಮ್ಸ್‌ಗೂ ನಡುವೆ ಗುಟ್ಟಾಗಿ ಮಾತು ತಲುಪಿಸುತ್ತಿದ್ದವರು ಅವರು. 1988ರ ಮಾರ್ಚ್ 19ರಂದು ಒಂದು ಶವಯಾತ್ರೆಯೊಳಗೆ ಇಬ್ಬರು ಬ್ರಿಟಿಷ್ ಸೈನಿಕರ ಕಾರು ನುಗ್ಗಿತು. ಜನ ಅವರನ್ನು ಹೊರಗೆಳೆದರು, ಬಂದೂಕಿನವರು ಗುಂಡು ಹೊಡೆದು ಕೊಂದರು. ರೀಡ್ ತಡೆಯಲು ಹೋಗಿ ಸೋತು, ಮತ್ತೆ ಬಂದು ಬೀದಿಯಲ್ಲೇ ಮಂಡಿಯೂರಿ ಸತ್ತವರಿಗಾಗಿ ಪ್ರಾರ್ಥಿಸಿದರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಚಿತ್ರದಲ್ಲಿ ಕಾಣದ್ದು ಒಂದಿತ್ತು. ಆ ಹೊತ್ತಿಗೆ ಹ್ಯೂಮ್‌ಗೆ ಕೊಡಬೇಕಾದ ಶಾಂತಿಯ ಕರಡು ಪತ್ರ ಅವರ ಬಳಿಯೇ ಇತ್ತು. ಲಕೋಟೆಗೆ ರಕ್ತ ತಾಗಿತ್ತು. ಮಠಕ್ಕೆ ಹೋಗಿ ಲಕೋಟೆ ಬದಲಿಸಿ ಅದೇ ದಿನ ಪತ್ರ ತಲುಪಿಸಿದರು.

1998ರ ಏಪ್ರಿಲ್ 10, ಶುಭ ಶುಕ್ರವಾರದಂದು ಒಪ್ಪಂದವಾಯಿತು. ಅದು ಪ್ರಾರ್ಥನೆಯೊಂದರಿಂದಲೇ ಆಯಿತೆಂದರೆ ತಪ್ಪು. ಸರಕಾರಗಳು, ಪಕ್ಷಗಳು, ಅಮೆರಿಕದ ಜಾರ್ಜ್ ಮಿಚೆಲ್, ಎಲ್ಲರೂ ವರ್ಷಗಟ್ಟಲೆ ದುಡಿದಿದ್ದಾರೆ. 1999ರಲ್ಲಿ ಕ್ಲೊನಾರ್ಡ್–ಫಿಟ್ಸ್‌ರಾಯ್ ಕೂಟಕ್ಕೆ ಪಾಕ್ಸ್ ಕ್ರಿಸ್ತಿ ಶಾಂತಿ ಪ್ರಶಸ್ತಿ ಬಂತು. 2005ರಲ್ಲಿ ಬಂದೂಕಿನವರು ಆಯುಧಗಳನ್ನು ನಾಶಪಡಿಸಿದಾಗ ಕಣ್ಣಾರೆ ನೋಡಿ ಸಾಕ್ಷಿ ಹೇಳಲು ಇಬ್ಬರು ಬೇಕಾದರು. ಒಬ್ಬರು ಪಾದ್ರಿ ರೀಡ್, ಇನ್ನೊಬ್ಬರು ಮೆಥೊಡಿಸ್ಟ್ ಸಭಾಪಾಲಕ ಹೆರಾಲ್ಡ್ ಗುಡ್. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನನಗೆ ಇಬ್ಬರೂ ಸಹಿ ಹಾಕಲೇಬೇಕಾದ ಜಂಟಿ ಖಾತೆಯ ನೆನಪಾಗುತ್ತದೆ. ಒಂದೇ ಸಹಿ ಇದ್ದರೆ ಚೆಕ್ಕು ಪಾಸಾಗುವುದಿಲ್ಲ.

ಗೋಡೆಗಳನ್ನು 2023ರೊಳಗೆ ತೆಗೆಯುವುದಾಗಿ ಅಲ್ಲಿಯ ಸರಕಾರ 2013ರಲ್ಲಿ ಹೇಳಿತು. ವಾಯಿದೆ ಮೀರಿತು. ಹಲವು ಗೋಡೆಗಳು ನಿಂತೇ ಇವೆ, ಕೆಲವು ಗೇಟುಗಳಿಗೆ ರಾತ್ರಿ ಈಗಲೂ ಬೀಗ ಬೀಳುತ್ತದೆ. ಅದೇ 2013ರಲ್ಲಿ ಒಬ್ಬ ಪಾದ್ರಿ ಮತ್ತು ಫಿಟ್ಸ್‌ರಾಯ್‌ನ ಹೊಸ ಸಭಾಪಾಲಕರು ಸೇರಿ 'ನಾಲ್ಕು ಮೂಲೆಗಳ ಉತ್ಸವ' ಆರಂಭಿಸಿದರು. ಊರಿನ ಜನ ತಾವು ಕಾಲಿಡದ ಮೂಲೆಗೆ ಹೋಗಿ ಕೂರಲಿ ಎಂದು, ಚಳಿಗಾಲದಲ್ಲಿ ಅದು ನಡೆಯುತ್ತದೆ.