ಮಳೆಗಿಂತ ಮುಂಚೆ ಗಾಳಿ ಬರುತ್ತೆ: ಟೆಂಟ್ ಹಾಕೋರಿಗೆ ಒಂದಿಷ್ಟು ಲೆಕ್ಕ

ಏಪ್ರಿಲ್, ಮೇ ಬಂತು ಅಂದ್ರೆ ವೀಕೆಂಡ್‌ಗೆ ಸಕಲೇಶಪುರ, ಚಿಕ್ಕಮಗಳೂರು ಕಡೆ ಟೆಂಟ್ ಹೊತ್ಕೊಂಡು ಹೋಗೋರು ಜಾಸ್ತಿ. ಮುಂಗಾರು ಪೂರ್ವ ಮಳೆ ಬರೋದೂ ಆಗಲೇ. ಮಧ್ಯಾಹ್ನ ಸುಡು ಬಿಸಿಲು, ಸಂಜೆ ಗುಡುಗು. ಇವತ್ತಿನ ಮಾತು ಆ ಮಳೆಗೂ ಮುಂಚೆ ಬರೋ ಗಾಳಿ ಬಗ್ಗೆ.

"ಮಳೆ ಶುರುವಾದ್ಮೇಲೆ ಎತ್ತಿಟ್ರಾಯ್ತು ಬಿಡು" ಅಂತ ಗುಂಪಲ್ಲಿ ಒಬ್ರಾದ್ರೂ ಹೇಳ್ತಾರೆ. ಆದ್ರೆ ಗುಡುಗಿನ ಮೋಡದಿಂದ ತಣ್ಣನೆಯ ಗಾಳಿ ರಭಸವಾಗಿ ಕೆಳಗಿಳಿದು, ನೆಲಕ್ಕೆ ಬಡಿದು, ಸುತ್ತಲೂ ಹರಡುತ್ತೆ. ಎಷ್ಟೋ ಸಲ ಮಳೆಗಿಂತ ಮುಂದೆ ಓಡಿ ಬರುತ್ತೆ. ಸೆಕೆಯಲ್ಲಿ ಇದ್ದಕ್ಕಿದ್ದಂತೆ ಮೈಗೆ ತಣ್ಣಗಾಯ್ತು ಅಂದ್ರೆ ಗಾಳಿ ಆಗಲೇ ಬಂದಿದೆ ಅಂತ ಅರ್ಥ.

ನಾನು ಓದಿದ್ದು ಬಿಕಾಂ, ಲೆಕ್ಕದಲ್ಲೇ ಹೇಳ್ತೀನಿ. ಗಾಳಿಯ ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟಾಗುತ್ತೆ. ಗಂಟೆಗೆ 20 ಕಿ.ಮೀ. ಗಾಳಿಗೆ ಅಲುಗಾಡದ ಟೆಂಟ್, 60 ಕಿ.ಮೀ. ಗಾಳಿಗೆ ಒಂಬತ್ತು ಪಟ್ಟು ಒತ್ತಡ ತಡೀಬೇಕು. ತಡೀಲಿಲ್ಲ ಅಂದ್ರೆ ನಷ್ಟ ಟೆಂಟಿನ ದುಡ್ಡಿಗೇ ಮುಗಿಯಲ್ಲ. ಹಗ್ಗದ ತುದೀಲಿ ಗೂಟ ನೇತಾಡ್ತಾ ಹಾರೋ ಬಟ್ಟೆ ಪಕ್ಕದವರ ಮಗುವಿಗೆ ಬಡಿಯಬಹುದು.

ಹಾಗಾಗಿ ಮೊದಲ ಗುಡುಗು ಕೇಳಿದ ತಕ್ಷಣ ಕೆಲಸ ಶುರು ಮಾಡಿ.

ಮೊದಲು ಗಾಳಿ ಹಿಡಿಯೋದನ್ನ ಇಳಿಸಿ. ಟಾರ್ಪಾಲು, ಮಡಚೋ ಶಾಮಿಯಾನ, ದೊಡ್ಡ ಛತ್ರಿ. ಇವನ್ನ ಬಿಗಿಯಾಗಿ ಕಟ್ಟೋದಕ್ಕಿಂತ ಬಿಚ್ಚೋದೇ ಸುರಕ್ಷಿತ. ಕುರ್ಚಿ, ಮ್ಯಾಟ್, ಪಾತ್ರೆ ಎಲ್ಲಾ ಕಾರಿನ ಒಳಗೆ.

ಎರಡನೇದು ಬೆಂಕಿ. ಕ್ಯಾಂಪ್‌ಫೈರ್‌ಗೆ ನೀರು ಸುರಿದು, ಕೆದಕಿ, ಮತ್ತೆ ಸುರೀರಿ. ಬೂದಿ ಕೆಳಗಿನ ಕೆಂಡ ಒಣ ಎಲೆಗೆ ಹಾರಿದ್ರೆ ಸಾಕು. ಸ್ಟವ್‌ನ ಗ್ಯಾಸ್ ಕ್ಯಾನ್ ಬಿಚ್ಚಿಡಿ.

ಮೂರನೇದು ಟೆಂಟ್. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟಿನ ಕಡೆಗೆ. ಎಲ್ಲಾ ಹಗ್ಗನೂ ಕಟ್ಟಿ, ಜಿಪ್ ಹಾಕಿ. ಹಿನ್ನೀರಿನ ಮರಳಲ್ಲಿ ಗೂಟ ನಿಲ್ಲಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂತುಬಿಡಿ. ಗಾಳಿ ತುಂಬಾ ಜೋರಾಗೋ ಹಾಗಿದ್ರೆ ಕೋಲು ತೆಗೆದು ಟೆಂಟನ್ನೇ ಮಲಗಿಸಿ, ಮೇಲೆ ಭಾರದ ಬ್ಯಾಗ್ ಇಡಿ. ಕಾಫಿ ತೋಟದಲ್ಲಾದ್ರೆ ಸಿಲ್ವರ್ ಓಕ್ ಕೆಳಗೆ ಟೆಂಟ್ ಬೇಡವೇ ಬೇಡ, ಅದರ ಕೊಂಬೆ ಸುಲಭವಾಗಿ ಮುರಿಯುತ್ತೆ.

ಕೊನೇದಾಗಿ ಜನ. ಟೆಂಟ್ ಸಿಡಿಲಿನಿಂದ ಕಾಪಾಡಲ್ಲ. ಪಕ್ಕಾ ಕಟ್ಟಡಕ್ಕೋ ಗಾಜು ಏರಿಸಿದ ಕಾರಿಗೋ ಹೋಗಿ. ಏನಾದ್ರೂ ಹಾರಿಹೋದ್ರೆ ಹಿಂದೆ ಓಡಬೇಡಿ.

ಹೊರಡೋ ಮುಂಚೆ ಫೋನ್‌ನಲ್ಲಿ 'ದಾಮಿನಿ' ಆ್ಯಪ್ ಹಾಕ್ಕೊಳ್ಳಿ, ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತೆ. ಹವಾಮಾನ ಇಲಾಖೆಯ ಮೂರು ಗಂಟೆ ಮುನ್ಸೂಚನೆಯನ್ನೂ ನೋಡಿ. ನೆಟ್‌ವರ್ಕ್ ಇಲ್ಲದ ಕಡೆ ಮೋಡ ನೋಡೋ ಕೆಲಸವನ್ನ ಒಬ್ರಿಗೆ ವಹಿಸಿಬಿಡಿ.