ಸಂಭಾಷಣೆಯ ಪಾಠಕ್ಕೆ ಸಾಮಗ್ರಿ ಆರಿಸುವಾಗ

ಬೋಧನಾಭ್ಯಾಸದ ಅವಧಿಯಲ್ಲಿ ಇಂಗ್ಲಿಷ್ ವಿಧಾನದ ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಣೆಗೆಂದು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪ್ರೌಢಶಾಲೆಗಳಿಗೆ ಹೋಗಿ ಬರುತ್ತೇನೆ. ಗದ್ಯ, ಪದ್ಯ, ವ್ಯಾಕರಣದ ಪಾಠ ಯೋಜನೆ ನಮ್ಮವರಿಗೆ ಅಷ್ಟು ಕಷ್ಟವಾಗುವುದಿಲ್ಲ. ಪಠ್ಯಪುಸ್ತಕವೇ ಕೈಹಿಡಿದು ನಡೆಸುತ್ತದೆ. ಸಂಭಾಷಣೆಯ ಪಾಠ ಬಂದಾಗ ಮಾತ್ರ ಎಲ್ಲರೂ ಸಾಮಗ್ರಿ ಹುಡುಕಲು ಪುಸ್ತಕದ ಹೊರಗೆ ಹೋಗುತ್ತಾರೆ. ಹೋಗುವ ಜಾಗಗಳು ಮಾತ್ರ ಹೆಚ್ಚುಕಡಿಮೆ ಮೂರೇ: ವಿಮಾನ ನಿಲ್ದಾಣ, ರೆಸ್ಟೋರೆಂಟ್, ಶಾಪಿಂಗ್ ಮಾಲ್.

ಹಾನಗಲ್ಲಿನ ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ರೆಸ್ಟೋರೆಂಟಿನ ಪಾಠ ನಡೆಯಿತು. ಪ್ರಶಿಕ್ಷಣಾರ್ಥಿ ಬಣ್ಣದ ಮೆನು ಕಾರ್ಡ್ ತಯಾರಿಸಿ ತಂದಿದ್ದರು, ಉಚ್ಚಾರಣೆ ಚೆನ್ನಾಗಿತ್ತು, ಮಕ್ಕಳು ಒಕ್ಕೊರಲಿನಿಂದ ಹೇಳಿದರು. ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಮಾತನ್ನೇ ಬರೆದೆ. ಹೊರಗೆ ಪಡಸಾಲೆಯಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸಿ, 'ವಾಟ್ ಡಿಡ್ ಯು ಈಟ್ ದಿಸ್ ಮಾರ್ನಿಂಗ್?' ಎಂದು ಕೇಳಿದೆ. ಆಕೆ ಒಂದು ಕ್ಷಣವೂ ತಡಮಾಡದೆ, 'ಐ ವುಡ್ ಲೈಕ್ ಎ ಪಿಜ್ಜಾ, ಸರ್' ಎಂದಳು. ನಕ್ಕೆ, ಆಮೇಲೆ ಬರೆದ ಒಳ್ಳೆಯ ಮಾತನ್ನು ಹೊಡೆದು ಹಾಕಿದೆ. ತಪ್ಪು ಆ ಹುಡುಗಿಯದಲ್ಲ. ನಲವತ್ತು ನಿಮಿಷ ಆಕೆ ಕೇಳಿದ್ದು ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ. ಪ್ರಶ್ನೆಗೆ ಕಿವಿಗೊಡುವ ಅಗತ್ಯವೇ ಪಾಠದಲ್ಲಿ ಇರಲಿಲ್ಲ.

ಸಾಮಗ್ರಿಯ ಆಯ್ಕೆ ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಮಾತಾಡುವವನ ಬಳಿ ಇರುವುದು ಕೇಳುವವನ ಬಳಿ ಇಲ್ಲದಿದ್ದರೆ ಮಾತು ಹುಟ್ಟುತ್ತದೆ. ಇಬ್ಬರ ಬಳಿಯೂ ಒಂದೇ ಹಾಳೆ ಇದ್ದರೆ ಅದು ಗಟ್ಟಿ ಓದು ಅಷ್ಟೆ. ಇದು ನನ್ನ ಶೋಧವೇನಲ್ಲ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ನಿರ್ದೇಶಕರಾಗಿದ್ದ ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆ 1958ರಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಆರಂಭವಾದವು. ಆ ಕಾಲದಲ್ಲಿ ನಮ್ಮಲ್ಲಿ ಪ್ರಬಲವಾಗಿದ್ದುದು ರಚನಾ ವಿಧಾನ: ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಮತ್ತೆ ಮತ್ತೆ ಹೇಳಿಸುವುದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇದಕ್ಕೆ ಬದಲಿಯೊಂದನ್ನು ಪ್ರಯೋಗಿಸಿದರು. ಜಗತ್ತಿನ ಭಾಷಾಬೋಧಕರು ಅದನ್ನು ಬೆಂಗಳೂರು ಯೋಜನೆ ಎಂದೇ ಕರೆಯುತ್ತಾರೆ. ವಾಕ್ಯರಚನೆಯನ್ನು ಹೇಳಿಸುವ ಬದಲು ಮಕ್ಕಳಿಗೆ ಬಿಡಿಸಲು ಒಂದು ಕೆಲಸ ಕೊಡುವುದು ಅದರ ತಿರುಳು. ಆ ಕೆಲಸದಲ್ಲಿ ಒಂದು ತೆರಪು ಇರಬೇಕು. ಮಾಹಿತಿಯ ತೆರಪು ಒಂದು ಬಗೆ: ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ತರ್ಕದ ತೆರಪು ಇನ್ನೊಂದು: ಇಬ್ಬರಿಗೂ ವೇಳಾಪಟ್ಟಿ ಗೊತ್ತು, ಆದರೆ ಯಾವ ಬಸ್ಸು ಹಿಡಿದರೆ ಹತ್ತು ಗಂಟೆಗೆ ಮುಟ್ಟಬಹುದು ಎಂದು ಲೆಕ್ಕ ಹಾಕಬೇಕು. ಮೂರನೆಯದು ಅಭಿಪ್ರಾಯದ ತೆರಪು. ಪ್ರಭು ಅವರ ಒಲವು ತರ್ಕದ ತೆರಪಿನ ಕಡೆಗೆ ಹೆಚ್ಚು. ತರಗತಿಯ ಅರ್ಧದಷ್ಟು ಮಕ್ಕಳು ಅರ್ಧದಷ್ಟು ಕೆಲಸವನ್ನಾದರೂ ಸರಿಯಾಗಿ ಮಾಡುವಂತಿರಬೇಕು ಎಂಬ ಅಳತೆಯನ್ನೂ ಅವರು ಇಟ್ಟುಕೊಂಡಿದ್ದರು. ಪಾಠ ಯೋಜನೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುವಂಥ ಮಾತು ಇದು.

ಶಿಗ್ಗಾಂವಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಬಸ್ ನಿಲ್ದಾಣದ ಫಲಕದಿಂದ ವೇಳಾಪಟ್ಟಿಯನ್ನು ಬರೆದುಕೊಂಡು ಬಂದು ಎರಡು ಹಾಳೆ ಮಾಡಿದರು. ಒಂದರಲ್ಲಿ ಹೊರಡುವ ಸಮಯ, ಇನ್ನೊಂದರಲ್ಲಿ ಊರಿನ ಹೆಸರು ಮತ್ತು ದರ. ಪರಸ್ಪರ ತೋರಿಸಬಾರದು, ಕೇಳಿ ತುಂಬಬೇಕು. ರೈಲಿನ ವೇಳಾಪಟ್ಟಿ ತರದೆ ಬಸ್ಸಿನದನ್ನು ತಂದದ್ದು ಜಾಣತನ. ಶಿಗ್ಗಾಂವಿಯಲ್ಲಾಗಲಿ ಹಾನಗಲ್, ಹಿರೇಕೆರೂರಿನಲ್ಲಾಗಲಿ ರೈಲು ನಿಲ್ದಾಣವೇ ಇಲ್ಲ. ಮೊದಲ ಹತ್ತು ನಿಮಿಷ ತರಗತಿಯಲ್ಲಿ ಗದ್ದಲ, ಅದೂ ಕನ್ನಡದಲ್ಲಿ. ಪ್ರಶಿಕ್ಷಣಾರ್ಥಿ ಗಾಬರಿಯಿಂದ ನನ್ನತ್ತ ನೋಡಿದರು. ಸುಮ್ಮನಿರಿ ಎಂದು ಸನ್ನೆ ಮಾಡಿದೆ. 'ಹದಿನಾಲ್ಕು ಮೂವತ್ತು ಅಂದ್ರ ಎಷ್ಟು ಗಂಟೆ?' ಎಂಬ ಜಗಳ ಕನ್ನಡದಲ್ಲಿ ನಡೆದರೆ ನಷ್ಟವಿಲ್ಲ. ಜಗಳ ತೀರಿದ ಮೇಲೆ, 'ವಾಟ್ ಟೈಮ್ ಡಸ್ ದಿ ಬಸ್ ಲೀವ್?' ಎಂದು ಕೇಳಲೇಬೇಕಾಯಿತು, ಉತ್ತರಕ್ಕೆ ಕಿವಿಗೊಡಲೇಬೇಕಾಯಿತು. ತಯಾರಿಕೆಯ ಖರ್ಚು ಎರಡು ಹಾಳೆಯ ಜೆರಾಕ್ಸ್. ಆ ಬಣ್ಣದ ಮೆನು ಕಾರ್ಡಿಗೆ ಆ ಹೆಣ್ಣುಮಗಳು ಎರಡು ರಾತ್ರಿ ಕಳೆದಿದ್ದರು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಸ್ಥಳೀಯವಾದದ್ದೆಲ್ಲ ಒಳ್ಳೆಯ ಸಾಮಗ್ರಿ ಎಂದು ನಮ್ಮವರು ತಿಳಿಯುವ ಅಪಾಯವಿದೆ. ಸವಣೂರಿನಲ್ಲಿ ನೋಡಿದ ಪಾಠ ಖಾರದ ಅಂಗಡಿಯ ಮೇಲಿತ್ತು. ಸವಣೂರು ಖಾರ ಎಲ್ಲರಿಗೂ ಇಷ್ಟ. ಪೊಟ್ಟಣವೂ ಮೇಜಿನ ಮೇಲೆ ಬಂತು. ಆದರೆ ಆ ಅಂಗಡಿಗೆ ಹೋಗಿ ಇಂಗ್ಲಿಷಿನಲ್ಲಿ ಖಾರ ಕೇಳುವವರು ಯಾರು? ಆ ತರಗತಿಯ ಅನೇಕ ಮಕ್ಕಳು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವವರು. ಎರಡು ಭಾಷೆಯಲ್ಲಿ ಸಲೀಸಾಗಿ ವ್ಯಾಪಾರ ಮಾಡಬಲ್ಲ ಮಗುವಿಗೆ ಮೂರನೆಯದರಲ್ಲಿ ತೊದಲು ಎಂದರೆ ಅದು ನಾಟಕ ಎಂದು ಮಗುವಿಗೂ ಗೊತ್ತು. ಅದೇ ಊರಿನ ದೊಡ್ಡಹುಣಸೆ ಮಠದ ಬಾವೋಬಾಬ್ ಮರಗಳನ್ನು ನೋಡಲು ಹೊರಗಿನವರು ಬರುತ್ತಾರೆ. ಬಂಕಾಪುರದ ನವಿಲುಧಾಮಕ್ಕೂ ಬರುತ್ತಾರೆ. ಕನ್ನಡವಾಗಲಿ ಉರ್ದುವಾಗಲಿ ತಿಳಿಯದ ಒಬ್ಬರು ಮರದ ಕೆಳಗೆ ನಿಂತು, 'ಇದು ಯಾವ ಮರ, ಹುಣಸೆ ಎನ್ನುತ್ತೀರಿ, ಹುಣಸೆಕಾಯಿ ಎಲ್ಲಿ?' ಎಂದು ಕೇಳಿದರೆ ಅಲ್ಲಿ ಇಂಗ್ಲಿಷಿಗೆ ಕೆಲಸವಿದೆ. ಹುಬ್ಬಳ್ಳಿ, ಧಾರವಾಡದ ಕಾಲೇಜಿನಲ್ಲಿ ಪ್ರವೇಶ ಕೇಳುವುದು, ಫೋನಿನಲ್ಲಿ ಗ್ರಾಹಕ ಸೇವೆಯವರಿಗೆ ದೂರು ಹೇಳುವುದು, ಇವೂ ಹಾಗೆಯೇ. ಊರಿನ ವಸ್ತು ಇದ್ದರೆ ಸಾಲದು, ಆ ಭಾಷೆಯನ್ನೇ ಆಡಲು ಕಾರಣವೂ ಇರಬೇಕು.

ಭಾಷೆಯ ಕಡೆಯಿಂದಲೂ ಆರಿಸಬೇಕು. ನಾವು 'ನೀರು ಕೊಡ್ರಿ' ಎಂದಾಗ ಗೌರವವೆಲ್ಲ ಆ 'ರಿ'ಯಲ್ಲೇ ಇದೆ. ಮಗು ಅದನ್ನು 'ಗಿವ್ ವಾಟರ್' ಎಂದು ತಿರುಗಿಸಿದಾಗ ಗೌರವ ದಾರಿಯಲ್ಲೇ ಬಿದ್ದುಹೋಗುತ್ತದೆ. ಕೇಳಿದವರು ಹುಡುಗ ಒರಟ ಎಂದುಕೊಳ್ಳುತ್ತಾರೆ. ಅದರ ಜಾಗಕ್ಕೆ 'ಕುಡ್ ಯು' ಬರಬೇಕು. ಇನ್ನೊಂದು, ನಿಷೇಧದ ಪ್ರಶ್ನೆ. 'ಹೋಮ್‌ವರ್ಕ್ ಮಾಡಿಲ್ಲೇನು?' ಎಂದರೆ ನಾವು 'ಹೌದ್ರಿ, ಮಾಡಿಲ್ಲ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು 'ನೋ, ಐ ಹ್ಯಾವಂಟ್'. ನಮ್ಮ ಮಗು 'ಯೆಸ್ ಸರ್' ಎಂದಷ್ಟೇ ಹೇಳಿ ನಿಂತಾಗ ಮಾಡಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ವಿಮಾನ ನಿಲ್ದಾಣದ ಸಂಭಾಷಣೆಯಲ್ಲಿ ಈ ಎರಡೂ ತೊಡಕುಗಳು ಎದುರಾಗುವುದೇ ಇಲ್ಲ, ಏಕೆಂದರೆ ಅದನ್ನು ಬರೆದವರು ಕನ್ನಡದ ಮಗುವನ್ನು ನೆನೆದು ಬರೆದಿಲ್ಲ. ಧ್ವನಿಮುದ್ರಿಕೆಗಳ ಬಗ್ಗೆ ಒಂದೇ ಮಾತು: ಪರದೇಶದ ವೇಗದ ದನಿಗಿಂತ ನಿಮ್ಮದೇ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ತನ್ನಿ.

ಈಗ ಹಿರೇಕೆರೂರು ತಾಲೂಕಿನ ಒಂದು ಪಾಠ. ಇದರಲ್ಲಿ ತಪ್ಪು ನನ್ನದು. 'ಮೈ ಫ್ಯಾಮಿಲಿ' ಎಂಬ ಸಂಭಾಷಣೆಗೆ ನಾನೇ ಒಪ್ಪಿಗೆಯ ಸಹಿ ಹಾಕಿದ್ದೆ. ಸುಲಭ, ಎಲ್ಲರಿಗೂ ಗೊತ್ತಿರುವ ವಿಷಯ, ಮಾಹಿತಿಯ ತೆರಪೂ ಇದೆ ಎಂದು. ಪ್ರಶಿಕ್ಷಣಾರ್ಥಿ ಸಾಲಾಗಿ, 'ವಾಟ್ ಈಸ್ ಯುವರ್ ಫಾದರ್?' ಎಂದು ಕೇಳುತ್ತ ಬಂದರು. ಮೂರನೆಯ ಬೆಂಚಿನ ಹುಡುಗ ಎದ್ದು ನಿಂತ, ಮಾತಾಡಲಿಲ್ಲ. 'ಸ್ಪೀಕ್, ಸ್ಪೀಕ್' ಎಂದರು. ಪಕ್ಕದವನು ಮೆಲ್ಲಗೆ, 'ಅವರಪ್ಪ ಇಲ್ರಿ ಸರ್, ಹೋದ ವರ್ಷ ಹೊಲದಾಗ ಔಷಧಿ ಕುಡದಿದ್ರು' ಎಂದ. ಹುಡುಗ ಕೂತ. ಉಳಿದ ತರಗತಿ ಆ ದಿನ ಸಂಭಾಷಣೆ ಮಾಡಲಿಲ್ಲ. ರೈತರ ಸಾವಿನ ಸುದ್ದಿ ಪತ್ರಿಕೆಯಲ್ಲಿ ಓದುವ ನಮಗೆ ಆ ಮನೆಯ ಮಗು ನಮ್ಮ ತರಗತಿಯಲ್ಲೇ ಕೂತಿರುತ್ತದೆ ಎಂಬುದು ಹೊಳೆದಿರಲಿಲ್ಲ. ಅಂದಿನಿಂದ ಮನೆ, ತಂದೆಯ ಕೆಲಸ, ಹಬ್ಬಕ್ಕೆ ಕೊಂಡ ಬಟ್ಟೆ ಇವುಗಳ ಮೇಲೆ ನೇರ ಪ್ರಶ್ನೆ ಇರುವ ಯೋಜನೆಗೆ ನಾನು ಸಹಿ ಹಾಕುವುದಿಲ್ಲ. ಏನು ಹೇಳಬೇಕು, ಏನು ಬಿಡಬೇಕು ಎಂಬುದು ಮಗುವಿನ ಕೈಯಲ್ಲಿರುವ ವಿಷಯ ಆರಿಸಿ ಎನ್ನುತ್ತೇನೆ: ನಿನಗೆ ಗೊತ್ತಿರುವ ಒಂದು ಆಟ ನನಗೆ ಕಲಿಸು, ನೀನು ನೋಡಿದ ಒಂದು ಜಾತ್ರೆಯ ಬಗ್ಗೆ ಹೇಳು. ತಂದೆಯ ಬಗ್ಗೆ ಹೇಳಬೇಕೆನಿಸಿದ ಮಗು ಅಲ್ಲಿಯೂ ಹೇಳುತ್ತದೆ.

ಹಾನಗಲ್ಲಿನ ಮೆನು ಕಾರ್ಡಿನ ಪ್ರಶಿಕ್ಷಣಾರ್ಥಿಗೆ ಮರುಪಾಠ ಕೊಟ್ಟೆ. ಆಕೆ ಬೇರೆ ತಾಲೂಕಿನವರು, ತಾರಕೇಶ್ವರ ದೇವಸ್ಥಾನವನ್ನು ನೋಡಿರಲಿಲ್ಲ. ಈ ಸಲ ಏನನ್ನೂ ತಯಾರಿಸದೆ ಬಂದು, ಸಂಜೆ ಅಲ್ಲಿಗೆ ಹೋಗಬೇಕು, ಬಸ್ ನಿಲ್ದಾಣದಿಂದ ದಾರಿ ಹೇಳಿ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಮಕ್ಕಳು ಹೇಳಿದಂತೆ ಕಪ್ಪುಹಲಗೆಯ ಮೇಲೆ ನಕ್ಷೆ ಬೆಳೆಯಿತು. ಎಡವೋ ಬಲವೋ ಎಂದು ಎರಡು ಗುಂಪಾಯಿತು. ಮರುದಿನ ಆಕೆ ತರಗತಿಗೆ ಬಂದವರೇ, 'ಐ ಲಾಸ್ಟ್ ಮೈ ವೇ ಯೆಸ್ಟರ್‌ಡೇ' ಎಂದರು. ಪಿಜ್ಜಾ ಕೇಳಿದ್ದ ಹುಡುಗಿ ಕೈ ಎತ್ತದೆಯೇ ಎದ್ದು ನಿಂತು, 'ನೋ ಮಿಸ್, ಐ ಸೆಡ್ ಲೆಫ್ಟ್. ಯು ವೆಂಟ್ ರೈಟ್' ಎಂದಳು.