ಕರೆ ಕೂಡಿಸುವ ಕಾಣದ ದಫ್ತರ

ಹುಬ್ಬಳ್ಳಿಯಿಂದ ಪುಣೆಗೆ ಹೊರಟ ರಾತ್ರಿ ಬಸ್ಸು ನಿಪ್ಪಾಣಿ ಬಿಟ್ಟು ಮಹಾರಾಷ್ಟ್ರದೊಳಗೆ ಕಾಲಿಟ್ಟಿದೆ ಎಂದುಕೊಳ್ಳಿ. ಕಿಟಕಿ ಪಕ್ಕ ತೂಕಡಿಸುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಶಿರಸಿಯಿಂದ ಅಮ್ಮನ ಫೋನು: 'ಊಟ ಆತಾ?' ಅಮ್ಮ ಒತ್ತಿದ್ದು ಹತ್ತೇ ಅಂಕಿ. ಆ ಅಂಕಿಗಳಲ್ಲಿ ಬಸ್ಸಿನ ಸುಳಿವಿಲ್ಲ, ಕೊಲ್ಲಾಪುರದ ಹೆಸರಿಲ್ಲ. ಮಗ ಯಾವ ಕಂಪನಿಯ ಗ್ರಾಹಕ ಎಂಬುದೂ ಅವುಗಳಿಂದ ಖಚಿತವಾಗಿ ತಿಳಿಯುವುದಿಲ್ಲ. ಆದರೂ ಕೆಲವೇ ಸೆಕೆಂಡುಗಳಲ್ಲಿ ಮಗನ ಕಿಸೆಯಲ್ಲಿ ಗಂಟೆ ಬಾರಿಸಿತಲ್ಲ, ಹೇಗೆ?

'ಟವರ್ ಇದೆಯಲ್ಲ' ಎನ್ನುತ್ತೇವೆ. ಟವರಿಗೆ ಏನೂ ಗೊತ್ತಿಲ್ಲ. ಗೊತ್ತಿರುವುದು ಗಣಕದೊಳಗಿನ ಒಂದು ದಫ್ತರಕ್ಕೆ. ಅದೇ ಡೇಟಾಬೇಸ್. ಬ್ಯಾಂಕು, ರೈಲ್ವೆ ರಿಸರ್ವೇಶನ್ನಿನ ಡೇಟಾಬೇಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ಸಲ ನಾವು ಬಳಸುವ ಈ ದಫ್ತರದ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಂಬರೇ ದಾರಿಯಾಗಿದ್ದ ಕಾಲ

1878ರಲ್ಲಿ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಜಗತ್ತಿನ ಮೊದಲ ಟೆಲಿಫೋನ್ ಡೈರೆಕ್ಟರಿ ಅಚ್ಚಾಯಿತು. ಒಂದೇ ಹಾಳೆ, ಐವತ್ತು ಹೆಸರು. ನಂಬರುಗಳೇ ಇರಲಿಲ್ಲ! ಆಪರೇಟರಿಗೆ ಹೆಸರು ಹೇಳಿದರೆ ಸಾಕು, ತಂತಿ ಜೋಡಿಸುತ್ತಿದ್ದರು. ಆಪರೇಟರಿನ ತಲೆಯೇ ಅಂದಿನ ಡೇಟಾಬೇಸ್.

1891ರಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದ. ವೃತ್ತಿಯಿಂದ ಆತ ಶವಸಂಸ್ಕಾರದ ಏರ್ಪಾಟು ಮಾಡುವವನು! 1948ರಲ್ಲಿ ಆರಂಭವಾದ ಬೆಂಗಳೂರಿನ ಐಟಿಐ ಕಾರ್ಖಾನೆಯೂ ಇದೇ ಬಗೆಯ ಯಂತ್ರಗಳನ್ನು ತಯಾರಿಸಿತು. ಅದರಲ್ಲಿ ನೀವು ತಿರುಗಿಸಿದ ಒಂದೊಂದು ಅಂಕಿಯೂ ಎಕ್ಸ್‌ಚೇಂಜಿನ ಸ್ವಿಚ್ಚನ್ನು ಒಂದೊಂದು ಹೆಜ್ಜೆ ಸರಿಸುತ್ತಿತ್ತು. ಅಂದರೆ ನಂಬರೇ ದಾರಿ. ಜಯನಗರದಿಂದ ಮಲ್ಲೇಶ್ವರಕ್ಕೆ ಮನೆ ಬದಲಿಸಿದರೆ ನಂಬರೂ ಬದಲು. ಆ ಯಂತ್ರಕ್ಕೆ ಯಾರನ್ನೂ ಹುಡುಕುವ ಶಕ್ತಿ ಇರಲಿಲ್ಲ.

ಎಕ್ಸ್‌ಚೇಂಜಿನೊಳಗೆ ಗಣಕ ಬಂದ ಮೇಲೆ ಆಟ ಬದಲಾಯಿತು. ಅಮೆರಿಕದ ಸಕಾಸನ್ನಾದಲ್ಲಿ 1965ರಲ್ಲಿ ಅಂಥ ಮೊದಲ ದೊಡ್ಡ ಎಕ್ಸ್‌ಚೇಂಜು ಕೆಲಸ ಆರಂಭಿಸಿತು. ನಮ್ಮಲ್ಲಿ ಸ್ಯಾಮ್ ಪಿತ್ರೋಡಾ ನೇತೃತ್ವದಲ್ಲಿ 1984ರಲ್ಲಿ ಹುಟ್ಟಿದ ಸಿ-ಡಾಟ್, 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಏರ್ ಕಂಡಿಶನ್ ಬೇಡ, ಧೂಳು-ಸೆಖೆಗೆ ಹೆದರುವುದಿಲ್ಲ. ಅದು ಮೊದಲು ನೆಲೆಗೊಂಡದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಚೆನ್ನಮ್ಮನ ಊರಿಗೆ ಈ ಹಿರಿಮೆಯೂ ಇದೆ ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

1980ರ ದಶಕದ ಆರಂಭದಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ತನ್ನ ಉಚಿತ ಕರೆಯ 800 ನಂಬರುಗಳನ್ನು ಡೇಟಾಬೇಸಿಗೆ ಕಟ್ಟಿತು. 800ರಿಂದ ಶುರುವಾಗುವ ನಂಬರು ಯಾವ ಊರಿನದೂ ಅಲ್ಲ. ಎಕ್ಸ್‌ಚೇಂಜು ಮೊದಲು ದಫ್ತರವನ್ನು ಕೇಳಬೇಕು: 'ಈ ಹೆಸರಿನವರು ಈಗ ಎಲ್ಲಿದ್ದಾರೆ?' ನಂಬರು ದಾರಿಯಾಗಿದ್ದದ್ದು ಹೋಗಿ ಹೆಸರಾಯಿತು. ಮುಂದೆ ಮೊಬೈಲು ಸಾಧ್ಯವಾದದ್ದು ಇದೇ ಉಪಾಯದಿಂದ.

ಊರಿನ ಪುಸ್ತಕ, ಲಾಡ್ಜಿನ ಪುಸ್ತಕ

ನಮ್ಮ ಬಸ್ಸಿಗೆ ಬರೋಣ. ಮಗನ ಸಿಮ್ ಕರ್ನಾಟಕದ್ದು. ಅವನ ಕಂಪನಿಯಲ್ಲಿ ಅವನ ಹೆಸರಿಗೊಂದು ಕಾಯಂ ದಾಖಲೆ ಇದೆ: ಫೋನ್ ನಂಬರು, ಸಿಮ್ಮಿನೊಳಗೆ ಅಡಗಿರುವ ಬೇರೊಂದು 15 ಅಂಕಿಯ ಗುರುತು, ಯಾವ ಯಾವ ಸೇವೆಗೆ ಅನುಮತಿ ಇದೆ ಎಂಬ ವಿವರ. ಜಿಎಸ್‌ಎಂ ಭಾಷೆಯಲ್ಲಿ ಇದು ಹೋಮ್ ಲೊಕೇಶನ್ ರಿಜಿಸ್ಟರ್, ಎಚ್‌ಎಲ್‌ಆರ್. ಸ್ವಂತ ಊರಿನ ಪುಸ್ತಕ ಎನ್ನೋಣ.

ಬಸ್ಸು ಗಡಿ ದಾಟಿದೊಡನೆ ಫೋನು ಅಲ್ಲಿನ ಜಾಲಕ್ಕೆ 'ನಾನು ಬಂದೆ' ಎನ್ನುತ್ತದೆ. ಅಲ್ಲಿರುವುದು ವಿಸಿಟರ್ ರಿಜಿಸ್ಟರ್. ಲಾಡ್ಜಿನಲ್ಲಿ ರೂಮು ಕೊಡುವ ಮುನ್ನ ಹೆಸರು, ಊರು ಬರೆಸಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಲಾಡ್ಜಿನ ಪುಸ್ತಕ ಕೂಡಲೇ ಊರಿನ ಪುಸ್ತಕವನ್ನು ವಿಚಾರಿಸುತ್ತದೆ. ಊರಿನ ಪುಸ್ತಕ ಹುಡುಗನ ವಿವರ ಕಳಿಸಿ, 'ಈಗ ಅಲ್ಲಿದ್ದಾನೆ' ಎಂದು ಬರೆದುಕೊಂಡು, ಹಳೆಯ ಲಾಡ್ಜಿಗೆ 'ಹೆಸರು ಹೊಡೆದುಹಾಕಿ' ಎಂದು ತಿಳಿಸುತ್ತದೆ. ಅಮ್ಮನ ಕರೆ ಬಂದಾಗ ಜಾಲ ಮೊದಲು ಊರಿನ ಪುಸ್ತಕ ತೆರೆದು, ಅದು ತೋರಿಸಿದ ಲಾಡ್ಜಿನಿಂದ ತಾತ್ಕಾಲಿಕ ನಂಬರೊಂದನ್ನು ಪಡೆದು ಕರೆ ಸಾಗಿಸುತ್ತದೆ. ಆಮೇಲೆ ಆ ಪ್ರದೇಶದ ಟವರುಗಳೆಲ್ಲ ಒಟ್ಟಿಗೆ ಕೂಗು ಹಾಕುತ್ತವೆ. 4ಜಿ, 5ಜಿ ಬಂದ ಮೇಲೆ ಈ ಪುಸ್ತಕಗಳ ಹೆಸರು ಬದಲಾಗಿದೆ, ಕೆಲಸ ಬಹುಮಟ್ಟಿಗೆ ಅದೇ.

ದೇಶದಲ್ಲಿ ನೂರು ಕೋಟಿಗೂ ಮಿಕ್ಕಿ ಮೊಬೈಲ್ ಸಂಪರ್ಕಗಳಿವೆ. ಇಷ್ಟರಲ್ಲಿ ಒಂದನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹುಡುಕುವುದು ಹೇಗೆ? ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ನೋಡಬಹುದು. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಸರಿಯಾಗಿ ನಡುವೆ ತೆರೆದು, ಬೇಡದ ಅರ್ಧವನ್ನು ಬಿಡುತ್ತಾ ಹೋದರೆ ನೂರು ಕೋಟಿ ಹೆಸರಿನಲ್ಲಿ ಬೇಕಾದ್ದು ಮೂವತ್ತನೆಯ ಸಲಕ್ಕೆ ಸಿಕ್ಕೇಬಿಡುತ್ತದೆ. ಎರಡರ ಮೂವತ್ತನೆಯ ಘಾತ ನೂರೇಳು ಕೋಟಿ ದಾಟುತ್ತದೆ! ಹೀಗೆ ಕ್ರಮವಾಗಿಟ್ಟ ಸೂಚಿಯೇ ಇಂಡೆಕ್ಸ್. ದ್ವಿತೀಯ ಪಿಯುಸಿಯ ಡೇಟಾಬೇಸ್ ಪಾಠ ಒಣ ವ್ಯಾಖ್ಯೆಗಳಿಗೆ ಬದಲು ಇಲ್ಲಿಂದ ಆರಂಭವಾದರೆ ಮಕ್ಕಳು ಬಾಯಿಪಾಠ ಮಾಡಬೇಕಾಗಿರಲಿಲ್ಲ.

ವೇಗ ಸಾಲದೆಂದು ಡಿಸ್ಕಿನ ಬದಲು ಗಣಕದ ಮೆಮೊರಿಯಲ್ಲೇ ದಾಖಲೆ ಇಡುವ, ಒಂದು ಯಂತ್ರ ಕೆಟ್ಟರೆ ಇನ್ನೊಂದು ಕೈಹಿಡಿಯುವ ಡೇಟಾಬೇಸುಗಳು ದೂರಸಂಪರ್ಕಕ್ಕೆಂದೇ ಹುಟ್ಟಿದವು. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಬೆಳೆದ ಎನ್‌ಡಿಬಿ ಅವುಗಳಲ್ಲೊಂದು. ಅದು 2003ರಲ್ಲಿ, ನಮ್ಮ ಕಾಲೇಜು ಲ್ಯಾಬುಗಳಿಗೆ ಪರಿಚಿತವಾದ ಮೈಎಸ್‌ಕ್ಯೂಎಲ್ ಕಂಪನಿಯ ಪಾಲಾಯಿತು.

9448 ಯಾರದು?

ಹಿಂದೆ 9448 ಎಂದರೆ ಕರ್ನಾಟಕದ ಬಿಎಸ್‌ಎನ್‌ಎಲ್ ಎಂದು ಮಕ್ಕಳೂ ಹೇಳುತ್ತಿದ್ದರು. 2011ರ ಜನವರಿ 20ರಂದು ನಂಬರ್ ಪೋರ್ಟಬಿಲಿಟಿ ದೇಶದಾದ್ಯಂತ ಜಾರಿಗೆ ಬಂದು ಆ ನಂಬಿಕೆಯನ್ನು ಮುರಿಯಿತು. ನಂಬರು ನಿಮ್ಮದು, ಕಂಪನಿ ಬೇಕಾದಾಗ ಬದಲು. ಆದ್ದರಿಂದ ಕರೆ ಹೊರಡಿಸುವ ಕಂಪನಿ ಮೊದಲು ಪೋರ್ಟ್ ಆದವರ ಪಟ್ಟಿಯನ್ನು ನೋಡಲೇಬೇಕು. ಮೂಲ ಪಟ್ಟಿ ಕೇಂದ್ರದಲ್ಲಿ, ನಕಲು ಎಲ್ಲ ಕಂಪನಿಗಳಲ್ಲೂ. ಒಂದು ನಕಲು ಹಿಂದೆ ಬಿದ್ದರೂ ಆ ಕಂಪನಿಯ ಗ್ರಾಹಕರಿಗೆ ನೀವು ಸಿಗುವುದಿಲ್ಲ.

ಪ್ರೀಪೇಯ್ಡ್ ಲೆಕ್ಕ ಇನ್ನೂ ನಾಜೂಕು. ಇಪ್ಪತ್ತು ರೂಪಾಯಿ ಬ್ಯಾಲೆನ್ಸ್ ಇದ್ದು, ಒಂದೇ ಕ್ಷಣದಲ್ಲಿ ಕರೆಯೂ ಇಂಟರ್ನೆಟ್ಟೂ ಆ ಖಾತೆಯನ್ನು ನೋಡಿ 'ಇಪ್ಪತ್ತಿದೆ' ಎಂದುಕೊಂಡರೆ? ಇಬ್ಬರಿಗೂ ಒಂದೇ ನೋಟು ಕೊಟ್ಟಂತಾಗುತ್ತದೆ. ಅದಕ್ಕೇ ಡೇಟಾಬೇಸು ಒಬ್ಬರಿಗೆ ಸ್ವಲ್ಪ ಎತ್ತಿಟ್ಟು, ಉಳಿದದ್ದನ್ನಷ್ಟೇ ಇನ್ನೊಬ್ಬರಿಗೆ ತೋರಿಸುತ್ತದೆ. ಈಗ ಅನ್‌ಲಿಮಿಟೆಡ್ ಪ್ಯಾಕುಗಳ ಕಾಲ ನಿಜ. ಆದರೆ ದಿನದ ಡೇಟಾ ಮುಗಿಯುತ್ತ ಬಂತೆಂದು ಬರುವ ಸಂದೇಶದ ಹಿಂದೆ ಇರುವುದೂ ಇಂಥದೇ ಲೆಕ್ಕ.

ದಫ್ತರ ತಪ್ಪಿದರೆ

2022ರ ಜುಲೈ 2ರ ನಸುಕಿನಲ್ಲಿ ಜಪಾನಿನ ಕೆಡಿಡಿಐ ಕಂಪನಿ ತನ್ನ ಜಾಲದ ಒಂದು ಯಂತ್ರ ಬದಲಿಸುವಾಗ ಎಡವಿತು. ಫೋನುಗಳೆಲ್ಲ ಒಮ್ಮೆಲೇ 'ನಾನಿಲ್ಲಿದ್ದೇನೆ' ಎಂದು ಮತ್ತೆ ನೋಂದಣಿಗೆ ಮುಗಿಬಿದ್ದವು. ಜಾಲ ಉಸಿರುಗಟ್ಟಿ, ಗ್ರಾಹಕರ ಡೇಟಾಬೇಸಿನಲ್ಲಿ ದಾಖಲೆಗಳು ಒಂದಕ್ಕೊಂದು ತಾಳೆಯಾಗದೆ ಹೋದವು. ಟವರುಗಳು ಗಟ್ಟಿಯಾಗಿ ನಿಂತಿದ್ದರೂ ಸುಮಾರು ನಾಲ್ಕು ಕೋಟಿ ಸಂಪರ್ಕಗಳಿಗೆ ತೊಂದರೆಯಾಯಿತು. ಸರಿಪಡಿಸಲು ಎರಡು ದಿನಕ್ಕಿಂತ ಹೆಚ್ಚು ಹಿಡಿಯಿತು. ತುರ್ತು ಕರೆಗಳೂ ಸಿಕ್ಕಿಬಿದ್ದವು.

ದಾಖಲೆಯನ್ನು ಯಾರಾದರೂ ಬೇಕೆಂದೇ ತಿದ್ದಿಸಿದರೆ? ವಂಚಕರು ನಿಮ್ಮ ಹೆಸರಿನಲ್ಲಿ ನಕಲಿ ದಾಖಲೆ ಕೊಟ್ಟು ಬದಲಿ ಸಿಮ್ ಪಡೆಯುವ ಮೋಸದಲ್ಲಿ ನಿಮ್ಮ ಫೋನನ್ನು ಮುಟ್ಟುವುದೇ ಇಲ್ಲ. ಊರಿನ ಪುಸ್ತಕದಲ್ಲಿ ನಿಮ್ಮ ನಂಬರಿನ ಎದುರು ಇರುವ ಸಿಮ್ ಗುರುತು ಬದಲಾಗುತ್ತದೆ, ಅಷ್ಟೆ. ಆಮೇಲೆ ಬ್ಯಾಂಕಿನ ಓಟಿಪಿ ಅವರ ಮನೆಗೆ! ಸುತ್ತಲಿನವರ ಫೋನುಗಳಿಗೆ ಸಿಗ್ನಲ್ ಇದ್ದು ನಿಮ್ಮದು ಮಾತ್ರ ಬಹಳ ಹೊತ್ತು ಸತ್ತಂತಿದ್ದರೆ ತಡಮಾಡದೆ ಕಂಪನಿಯನ್ನೂ ಬ್ಯಾಂಕನ್ನೂ ವಿಚಾರಿಸಿ. ಸಿಮ್ ಬದಲಾದ ಏಳು ದಿನಗಳೊಳಗೆ ನಂಬರನ್ನು ಬೇರೆ ಕಂಪನಿಗೆ ಒಯ್ಯುವಂತಿಲ್ಲ ಎಂಬ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದದ್ದು ಇದೇ ಕಾರಣಕ್ಕೆ.

ಫೋನ್ ಕಳೆದುಕೊಂಡವರಿಗೂ ಒಂದು ದಫ್ತರ ಇದೆ. 2023ರ ಮೇ ತಿಂಗಳಲ್ಲಿ ಸಂಚಾರ ಸಾಥಿ ಪೋರ್ಟಲ್ ಮೂಲಕ ದೇಶಕ್ಕೆಲ್ಲ ತೆರೆದ ಸಿಇಐಆರ್‌ನಲ್ಲಿ ದೂರು ದಾಖಲಿಸಿದರೆ, ಕಳ್ಳ ಬೇರೆ ಸಿಮ್ ಹಾಕಿದರೂ ಆ ಫೋನನ್ನು ಜಾಲಗಳು ಸೇರಿಸುವುದಿಲ್ಲ. ಅದು ಗುರುತಿಸುವುದು ಫೋನಿನ 15 ಅಂಕಿಯ ಐಎಂಇಐ ಸಂಖ್ಯೆಯನ್ನು. ಫೋನು ಕೈಯಲ್ಲಿರುವಾಗಲೇ *#06# ಒತ್ತಿ ಅದನ್ನು ಡೈರಿಯಲ್ಲಿ ಬರೆದಿಡಿ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ ಬರುತ್ತವೆ, ಎರಡೂ ಬೇಕು.